ಐನೂರು ಕಾರು ಕೊಟ್ಟು ಒಂದನ್ನೂ ಓಡಿಸಲು ಬಿಡದ ಗೇಮ್‌ಗಳು

ಈಗಿನ ರೇಸಿಂಗ್ ಗೇಮ್‌ಗಳ ಮೇಲೆ ನನಗಿರುವ ಸಿಟ್ಟು ಗ್ರಾಫಿಕ್ಸ್ ವಿಷಯಕ್ಕಲ್ಲ. ಅದರಲ್ಲಿ ಹೆಸರಿಡುವ ಹಾಗೇ ಇಲ್ಲ. ಮಳೆ ಬಂದರೆ ಗಾಜಿನ ಮೇಲಿನ ಹನಿ ಕಾರಿನ ವೇಗಕ್ಕೆ ತಕ್ಕ ಹಾಗೆ ಹಿಂದಕ್ಕೆ ಓಡುತ್ತದೆ, ಸಂಜೆ ಬಿಸಿಲು ಎದುರಿಗೆ ಬಂದರೆ ಸೋಫಾದಲ್ಲಿ ಕೂತವನೂ ಕಣ್ಣು ಕಿರಿದು ಮಾಡಿಕೊಳ್ಳಬೇಕು. ನನ್ನ ತಕರಾರು ಬೇರೆ. ಇವು ನಮ್ಮನ್ನು ಒಂದು ಕಡೆ ನಿಲ್ಲಲು ಬಿಡುವುದಿಲ್ಲ. ಒಂದು ಕಾರಿಗೆ ಕೈ ಪಳಗುವಷ್ಟರಲ್ಲಿ ಮೂರು ಹೊಸ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿರುತ್ತವೆ. ಒಂದು ರಸ್ತೆಯ ತಿರುವುಗಳು ಇನ್ನೂ ತಲೆಗೆ ಹತ್ತಿರುವುದಿಲ್ಲ, ಈ ವಾರದ ಸ್ಪರ್ಧೆ ಅಲ್ಲಿದೆ, ಬೇಗ ಬನ್ನಿ, ಗುರುವಾರ ಮುಗಿಯುತ್ತೆ ಅಂತ ಅವಸರ ಮಾಡುತ್ತವೆ. ಗೇಮ್ ಆಡೋಕೆ ಕೂತವನಿಗೆ ಯಾಕ್ರೀ ಇಷ್ಟು ಅವಸರ?

ವಯಸ್ಸಾದ ಮೇಲೆ ಎಲ್ಲರೂ ಹೀಗೇ ಗೊಣಗುತ್ತಾರೆ ಅನ್ನಬಹುದು. ಅನ್ನಿ ಪರವಾಗಿಲ್ಲ. ಆದರೆ ನಾನು ಹಳೇದೆಲ್ಲ ಚಿನ್ನ ಅನ್ನೋ ಪೈಕಿ ಅಲ್ಲ. ಮಂಡ್ಯದಲ್ಲಿ ನಾವು ಹುಡುಗರಾಗಿದ್ದಾಗ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ವಿಡಿಯೋ ಗೇಮ್‌ಗಳಲ್ಲಿ ಮುಕ್ಕಾಲು ಪಾಲು ಕಸ. ಕ್ಯಾಸೆಟ್ ಮೇಲೆ 9999999 ಇನ್ 1 ಅಂತ ಬರೆದಿರುತ್ತಿತ್ತು, ಒಳಗೆ ನೋಡಿದರೆ ಅವೇ ಬೆರಳೆಣಿಕೆ ಗೇಮ್‌ಗಳು ಹೆಸರು ಬದಲಾಯಿಸಿಕೊಂಡು ಸಾಲಾಗಿ ನಿಂತಿರುತ್ತಿದ್ದವು. ನಾವು ಆಡುತ್ತಿದ್ದ ಮೆಷಿನ್ನು ಜಪಾನಿನ ನಿಂಟೆಂಡೊದವರ ಫ್ಯಾಮಿಕಾಮ್ ಅನ್ನೋ ಗೇಮ್ ಮೆಷಿನ್ನಿನ ನಕಲು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಅದರಲ್ಲಿ ಕೊನಾಮಿಯವರ ರೋಡ್ ಫೈಟರ್ ಒಂದಿತ್ತು, 1984ರ ಆಟ. ರಸ್ತೆ ಮೇಲಿಂದ ಕೆಳಕ್ಕೆ ಸರಿಯುತ್ತದೆ. ಕೆಲವು ಕಾರು ತಮ್ಮ ಪಾಡಿಗೆ ಹೋಗುತ್ತವೆ, ಕೆಲವು ಬೇಕಂತಲೇ ಅಡ್ಡ ಬರುತ್ತವೆ. ಗುದ್ದಿಕೊಂಡರೆ ಪೆಟ್ರೋಲ್ ಇಳಿಯುತ್ತದೆ, ಪೆಟ್ರೋಲ್ ಮುಗಿದರೆ ಆಟ ಮುಗಿಯಿತು. ಸುಮ್ನೆ ತಗುಲಿದರೆ ಮಾತ್ರ ಕಾರು ಅತ್ತ ಇತ್ತ ಜಾರುತ್ತದೆ, ಆ ಕ್ಷಣದಲ್ಲಿ ಎದುರು ದಿಕ್ಕಿಗೆ ಒತ್ತಿದರೆ ಬದುಕಿಕೊಳ್ಳಬಹುದು. ಕಾರು ಜಾರಿದಾಗ ಸ್ಟೀರಿಂಗ್ ಯಾವ ಕಡೆ ತಿರುಗಿಸಬೇಕು ಅನ್ನೋದನ್ನು ಮುಂದೆ ಡ್ರೈವಿಂಗ್ ಸ್ಕೂಲ್‌ನಲ್ಲಿ ಯಾರೂ ನನಗೆ ಹೇಳಿಕೊಡಲಿಲ್ಲ. ಆ ಹಳೇ ಗೇಮ್‌ನ ಪುಟ್ಟ ಕಾರು ಹೇಳಿಕೊಟ್ಟಿತ್ತು.

ಪಿಯುಸಿಗೆ ಮೈಸೂರಿಗೆ ಬಂದ ಮೇಲೆ ಸೋನಿಯವರ ಗೇಮ್ ಮೆಷಿನ್ನು, ಪ್ಲೇಸ್ಟೇಷನ್ ಸಿಕ್ಕಿತು. ಸಿಕ್ಕಿತು ಅಂದರೆ ಮನೆಗೆ ಬಂತು ಅಂತಲ್ಲ. ಸರಸ್ವತಿಪುರಂ ಕಡೆ ಒಂದು ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಟಿವಿ ಇಟ್ಟುಕೊಂಡು ಗಂಟೆಗೆ 20 ರೂಪಾಯಿಗೆ ಆಡಿಸುತ್ತಿದ್ದರು. ಅಲ್ಲಿ ಎಲ್ಲರೂ ಹೊಡೆದಾಟದ ಗೇಮ್ ಆಡುತ್ತಿದ್ದರು, ಯಾಕೆಂದರೆ ಇಬ್ಬರು ಕೂತು ಬೇಗ ಮುಗಿಸಬಹುದು, ದುಡ್ಡು ಹಂಚಿಕೊಳ್ಳಬಹುದು. ನಾನು ಮಾತ್ರ ಮೂಲೆಯ ಟಿವಿಯಲ್ಲಿ ಗ್ರಾನ್ ಟುರಿಸ್ಮೊ ಹಾಕಿಸಿಕೊಳ್ಳುತ್ತಿದ್ದೆ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಂದ ಗೇಮ್ ಅದು, ಕಾಜುನೊರಿ ಯಾಮಾಉಚಿ ಅನ್ನುವವರ ತಂಡ ಮಾಡಿದ್ದು. ಅದು ಶುರುವಿನಲ್ಲೇ ಲೈಸೆನ್ಸ್ ಕೇಳುತ್ತದೆ. ಲೈಸೆನ್ಸ್‌ನ ಮೊದಲ ಪರೀಕ್ಷೆ ಏನು ಗೊತ್ತಾ? ಇಷ್ಟು ದೂರ ಹೋಗಿ, ಗುರುತು ಮಾಡಿರುವ ಜಾಗದೊಳಗೆ ಕಾರು ನಿಲ್ಲಿಸು. ಅಷ್ಟೇ. ಅಕ್ಕಪಕ್ಕದವರು ಹಾರಿ ಒದೆಯುತ್ತಿದ್ದರೆ ನಾನು ಗಂಟೆಗೆ 20 ರೂಪಾಯಿ ಕೊಟ್ಟು ಕಾರು ನಿಲ್ಲಿಸುವುದನ್ನು ಕಲಿಯುತ್ತಿದ್ದೆ. ಅಂಗಡಿಯವರು ಬಂದು ನೋಡಿ, "ಏನಪ್ಪ, ಆರ್‌ಟಿಒ ಆಫೀಸಾ ಇದು?" ಅಂತ ನಕ್ಕು ಹೋಗುತ್ತಿದ್ದರು.

ಆ ಕಾಲದ ಒಂದು ವಸ್ತು ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಆಟ ಎಲ್ಲಿಗೆ ಬಂತು ಅಂತ ಉಳಿಸಿಡುವ ಬೂದು ಬಣ್ಣದ ಮೆಮೊರಿ ಕಾರ್ಡ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ತೆಳ್ಳಗೆ, ತುದಿಯಲ್ಲಿ ತಾಮ್ರದ ಹಲ್ಲು. 128 ಕೆಬಿ ಜಾಗ, ಅದೂ ಹದಿನೈದು ಬ್ಲಾಕ್ ಅಂತ ಭಾಗ ಮಾಡಿದ್ದು. ಅಂಗಡಿಯ ಕಾರ್ಡ್‌ನಲ್ಲಿ ಸೇವ್ ಮಾಡಿದರೆ ಮಾರನೇ ದಿನ ಯಾವನೋ ಅದರ ಮೇಲೆ ತನ್ನದು ಬರೆದಿರುತ್ತಿದ್ದ, ಹಾಗಾಗಿ ದುಡ್ಡು ಕೂಡಿಸಿ ನನ್ನದೇ ಕಾರ್ಡ್ ತಗೊಂಡೆ. ಷರ್ಟಿನ ಜೇಬಿನಲ್ಲಿ ನನ್ನ ಇಡೀ ಗ್ಯಾರೇಜ್. ಅಂಗಡಿ ಬದಲಾದರೂ, ಅಲ್ಲಿ ಕರೆಂಟ್ ಹೋದರೂ, ಯಾರು ಏನೇ ಅಂದರೂ ನನ್ನ ಕಾರು ನನ್ನ ಜೇಬಿನಲ್ಲಿ. ಈಗ ಅದೇ ಸರಣಿಯ ಗ್ರಾನ್ ಟುರಿಸ್ಮೊ 7 ನೂರು ಜಿಬಿ ಆಸುಪಾಸು ಜಾಗ ತಿನ್ನುತ್ತದೆ, ಕಾರುಗಳು ಮಾತ್ರ ಎಲ್ಲೋ ದೂರದ ಸರ್ವರ್‌ನ ಒಪ್ಪಿಗೆ ಇದ್ದರೆ ನನ್ನವು.

ಒಂದು ಕಾರಿನ ಜತೆ ಇರುವುದು ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ಇದು ಬರೀ ಹಳಹಳಿಕೆ ಆಗುತ್ತೆ.

ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫ ಟ್ರ್ಯಾಕ್ ಒಂದು ಸುತ್ತು 20.8 ಕಿಲೋಮೀಟರ್. ಎಪ್ಪತ್ತಕ್ಕೂ ಹೆಚ್ಚು ತಿರುವು. ಕಾಡಿನ ನಡುವೆ ಏರು, ಇಳಿತ, ಎದುರಿಗೆ ಏನಿದೆ ಅಂತ ಕಾಣದ ದಿಬ್ಬಗಳು. ಗ್ರಾನ್ ಟುರಿಸ್ಮೊ 4ರಲ್ಲಿ ಇದು ಬಂದಾಗಿನಿಂದ ನಾನು ಇದನ್ನು ಬಿಟ್ಟಿಲ್ಲ. ಗ್ರಾನ್ ಟುರಿಸ್ಮೊ 7ರಲ್ಲಿ ನಾನು ಇದನ್ನು ಸುತ್ತುವುದು ಹೋಂಡಾ ಫಿಟ್‌ನಲ್ಲಿ. ನಮ್ಮಲ್ಲಿ ಜಾಜ್ ಅಂತ ಮಾರುತ್ತಿದ್ದರಲ್ಲ, ಅದೇ ಕಾರು. ಕುವೆಂಪುನಗರದಲ್ಲಿ ತರಕಾರಿ ತರೋಕೆ ಹೋಗುವವರ ಹತ್ತಿರ ಇರುವಂಥದ್ದು. ಆಟದ ಶುರುವಿನಲ್ಲಿ ಕೈಗೆ ಸಿಗುವ ಮೂರು ಪುಟ್ಟ ಜಪಾನಿ ಕಾರುಗಳಲ್ಲಿ ಒಂದು. ಹೆಚ್ಚಿನವರು ಅರ್ಧ ಗಂಟೆ ಓಡಿಸಿ ಮರೆತುಬಿಡುತ್ತಾರೆ.

ಆ ಟ್ರ್ಯಾಕ್‌ನಲ್ಲಿ ಫುಕ್ಸ್‌ರೋರೆ ಅಂತ ಒಂದು ಇಳಿಜಾರು ಇದೆ. ಎರಡೂ ಕಡೆ ಮರ, ರಸ್ತೆ ಸ್ವಲ್ಪ ಅತ್ತ ಸ್ವಲ್ಪ ಇತ್ತ ವಾಲುತ್ತಾ ಕೆಳಗೆ ಬೀಳುತ್ತದೆ. ಹೊಸಬರು ರಸ್ತೆ ತಿರುಗಿದಂತೆಲ್ಲ ಸ್ಟೀರಿಂಗ್ ತಿರುಗಿಸುತ್ತಾರೆ. ಅದು ಬೇಕಿಲ್ಲ, ಹೆಚ್ಚುಕಡಿಮೆ ನೇರ ಗೆರೆಯಲ್ಲೇ ಇಳಿಯಬಹುದು, ಆಕ್ಸಿಲರೇಟರ್ ಬಿಡುವುದೇ ಬೇಡ. ಫಿಟ್‌ನಂಥ ಬಡಪಾಯಿ ಕಾರೂ ಅಲ್ಲಿ ಜೋರಾಗುತ್ತದೆ. ತಳದಲ್ಲಿ ಒಂದು ತಗ್ಗು. ಕಾರಿನ ಭಾರವೆಲ್ಲ ಸ್ಪ್ರಿಂಗ್ ಮೇಲೆ ಬಿದ್ದು ಕಾರು ನೆಲಕ್ಕೆ ಒತ್ತಿಕೊಳ್ಳುತ್ತದೆ, ಕೈಯಲ್ಲಿರುವ ಕಂಟ್ರೋಲರ್ ಗುಂಯ್ ಅನ್ನುತ್ತದೆ, ಮರುಕ್ಷಣ ಏರು. ಏರು ಮುಗಿಯುವ ಹೊತ್ತಿಗೆ ಎದುರಿಗೆ ಬರೀ ಆಕಾಶ. ಆ ಆಕಾಶದ ಹಿಂದೆ ಅಡೆನಾವರ್ ಫೋರ್ಸ್ಟ್ ಇದೆ. ಎಡಕ್ಕೆ ಬಿಗಿ, ತಕ್ಷಣ ಬಲಕ್ಕೆ. ಕಂಡ ಮೇಲೆ ಬ್ರೇಕ್ ಹಾಕುತ್ತೇನೆ ಅಂದುಕೊಂಡವನು ನೆಟ್ಟಗೆ ಹುಲ್ಲಿನ ಮೇಲೆ. ನಿಜವಾದ ಟ್ರ್ಯಾಕ್‌ನಲ್ಲೂ ಜನ ಅಲ್ಲೇ ಕ್ಯಾಮೆರಾ ಹಿಡಿದು ಕಾಯುತ್ತಿರುತ್ತಾರೆ. ಹಾಗಾಗಿ ಕಾಣುವ ಮೊದಲೇ ಬ್ರೇಕ್ ಹಾಕಬೇಕು, ಬರೀ ನಂಬಿಕೆ ಮೇಲೆ. ಪಿಎಸ್5, ಅಂದರೆ ಪ್ಲೇಸ್ಟೇಷನ್ 5ರ ಕಂಟ್ರೋಲರ್‌ನಲ್ಲಿ ಎಡಗೈ ತೋರುಬೆರಳಿನ ಬಟನ್ ಬ್ರೇಕ್ ಪೆಡಲ್ ಥರ ಗಟ್ಟಿಯಾಗುತ್ತದೆ, ಜಾಸ್ತಿ ಒತ್ತಿದರೆ ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಬಂದು ಬೆರಳಿಗೆ ಕಟಕಟ ಅಂತ ಒದೆಯುತ್ತದೆ. ಆ ಒದೆತ ಶುರುವಾಗುವುದಕ್ಕೆ ಕೂದಲೆಳೆಯಷ್ಟು ಮುಂಚೆ ಬೆರಳು ನಿಲ್ಲಬೇಕು. ಇದು ಹೊಸ ಕಾಲದ ಕೊಡುಗೆ, ಇದಕ್ಕೆ ನನ್ನ ನಮಸ್ಕಾರ. ಹಳೇ ಕಂಟ್ರೋಲರ್‌ನಲ್ಲಿ ಇದು ಕನಸಿನ ಮಾತು.

ಆದರೆ ಇದೆಲ್ಲ ಬೆರಳಿಗೆ ಬರಬೇಕಾದರೆ ಅದೇ ಕಾರು, ಅದೇ ತಿರುವು, ದಿನಾ ಬೇಕು. ಕಾರು ಬದಲಾದರೆ ಭಾರ ಬೇರೆ, ಬ್ರೇಕ್ ಬೇರೆ, ತಗ್ಗಿನಲ್ಲಿ ಕೂರುವ ರೀತಿ ಬೇರೆ. ಮತ್ತೆ ಮೊದಲಿನಿಂದ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದ ಗೇಮ್ ಅಂದರೆ 2000ದಲ್ಲಿ ಬಂದ ನೀಡ್ ಫಾರ್ ಸ್ಪೀಡ್ ಪೋರ್ಷೆ. ನೀಡ್ ಫಾರ್ ಸ್ಪೀಡ್ ಅಂದರೆ ನಮ್ಮ ಕಡೆ ಎಲ್ಲರೂ 2005ರ ಮೋಸ್ಟ್ ವಾಂಟೆಡ್ ಹೆಸರು ಹೇಳುತ್ತಾರೆ. ಆ ಬಿಎಂಡಬ್ಲ್ಯು, ಆ ಪೊಲೀಸರು, ಸೈಬರ್ ಕೆಫೆಯಲ್ಲಿ ಸಾಲಾಗಿ ಆರು ಕಂಪ್ಯೂಟರ್‌ನಲ್ಲೂ ಅದೇ. ಒಳ್ಳೇ ಗೇಮ್, ಒಪ್ಪಿದೆ. ಆದರೆ ಪೋರ್ಷೆ ಗೇಮ್‌ನಲ್ಲಿ ಒಂದೇ ಕಂಪನಿಯ ಕಾರು, ಬೇರೆ ಇಲ್ಲವೇ ಇಲ್ಲ. 1950ರ ಕಾಲದ 356 ಅನ್ನೋ ಮಾಡೆಲ್‌ನಿಂದ ಶುರು ಮಾಡಿ ದಶಕ ದಶಕ ದಾಟಿ 911 ಟರ್ಬೊ ತನಕ ಬರಬೇಕು. ಗುದ್ದಿದರೆ ರಿಪೇರಿಗೆ ಸ್ವಂತ ದುಡ್ಡು. ಎಂಜಿನ್ ಹಿಂದೆ ಇರುವ ಕಾರು ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ತಕ್ಷಣ ಹೇಗೆ ಬಾಲ ಬೀಸುತ್ತದೆ, ಅದನ್ನು ವರ್ಷದಿಂದ ವರ್ಷಕ್ಕೆ ಹೇಗೆ ಸ್ವಲ್ಪ ಸ್ವಲ್ಪ ಪಳಗಿಸಿದರು ಅನ್ನೋದು ಓದದೆಯೇ ಗೊತ್ತಾಗುತ್ತಿತ್ತು. ಒಂದೇ ಕಂಪನಿಯ ಕಾರಿಟ್ಟುಕೊಂಡು ಇಡೀ ಗೇಮ್ ಮಾಡೋ ಧೈರ್ಯ ಇವತ್ತು ಯಾರಿಗಿದೆ ಹೇಳಿ.

ಈಗ ಫೋರ್ಜಾ ಹೊರೈಜನ್ 5 ನೋಡಿ. 2021ರ ನವೆಂಬರ್‌ನಲ್ಲಿ ಬಂತು, 2025ರಲ್ಲಿ ಪಿಎಸ್5ಗೂ ಬಂತು. ಮೆಕ್ಸಿಕೋ ದೇಶವನ್ನೇ ಇಳಿಸಿ ತಂದಿದ್ದಾರೆ. ಜ್ವಾಲಾಮುಖಿ, ಮರುಭೂಮಿ, ಕಾಡು, ಸಮುದ್ರ, ಎಲ್ಲವೂ ಇದೆ. 500ಕ್ಕೂ ಹೆಚ್ಚು ಕಾರು. ರೇಸ್ ಗೆದ್ದರೆ ಕಾರು, ಅದೃಷ್ಟದ ಚಕ್ರ ತಿರುಗಿಸಿದರೆ ಕಾರು, ಸುಮ್ನೆ ಆಟ ತೆರೆದರೂ ಏನಾದರೂ ಒಂದು ಬಹುಮಾನ. ತಪ್ಪು ಮಾಡಿದರೆ ರಿವೈಂಡ್ ಬಟನ್, ಏನೂ ಆಗೇ ಇಲ್ಲ ಅನ್ನೋ ಹಾಗೆ ಹಿಂದಕ್ಕೆ. ಆಫೀಸಿನಿಂದ ತಲೆ ಬಿಸಿಯಾಗಿ ಬಂದ ದಿನ ಅರ್ಧ ಗಂಟೆ ಆಡಲು ಇದಕ್ಕಿಂತ ಒಳ್ಳೇದು ಇಲ್ಲ, ನಾನೂ ಆಡುತ್ತೇನೆ. ಆದರೆ ವರ್ಷಗಟ್ಟಲೆ ಆಡಿದ ಮೇಲೂ ಅಲ್ಲಿನ ಒಂದು ತಿರುವಿನ ಹೆಸರು ಹೇಳು ಅಂದರೆ ನನಗೆ ಗೊತ್ತಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ನಮ್ಮ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಥರ ಅದು. 118 ಕಿಲೋಮೀಟರ್ ಸೊಗಸಾಗಿ ಬರುತ್ತೀರಿ, ಮದ್ದೂರು ಯಾವಾಗ ಹೋಯಿತು, ಮಂಡ್ಯ ಯಾವಾಗ ಹೋಯಿತು ಅನ್ನೋದೇ ತಿಳಿಯುವುದಿಲ್ಲ. ಹಳೇ ರಸ್ತೆಯಲ್ಲಿ ಎಲ್ಲಿ ಹಂಪ್ ಇದೆ, ಎಲ್ಲಿ ಕಬ್ಬಿನ ಗಾಡಿ ಅಡ್ಡ ಬರುತ್ತೆ ಅಂತ ನಿದ್ದೆಯಲ್ಲೂ ಹೇಳುತ್ತಿದ್ದೆವು.

ಗ್ರಾನ್ ಟುರಿಸ್ಮೊ 7 ಇನ್ನೊಂದು ತುದಿ. ಅದು ಸುಮ್ನೆ ಕೊಡುವುದಿಲ್ಲ, ಆದರೆ ಆಸೆ ಹುಟ್ಟಿಸುತ್ತದೆ. 2022ರ ಮಾರ್ಚ್ 4ಕ್ಕೆ ಬಿಡುಗಡೆ ಆಯಿತು. ಎರಡೇ ವಾರದಲ್ಲಿ ಒಂದು ಅಪ್‌ಡೇಟ್ ಬಂದು ಆಟ ಮೂವತ್ತು ಗಂಟೆಗೂ ಹೆಚ್ಚು ಕಾಲ ಬಂದ್ ಆಯಿತು. ಮಲ್ಟಿಪ್ಲೇಯರ್ ಬಿಡಿ, ಒಬ್ಬನೇ ಕೂತು ಆಡುವವನಿಗೂ ಆಟದ ಬಹುಪಾಲು ಬಾಗಿಲು ಹಾಕಿತ್ತು, ಯಾಕೆಂದರೆ ಗ್ಯಾರೇಜ್ ತೆಗೆಯಲೂ ಇಂಟರ್ನೆಟ್ ಬೇಕು. ಮತ್ತೆ ಶುರುವಾದಾಗ ನೋಡಿದರೆ ಹಲವು ರೇಸ್‌ಗಳಿಗೆ ಕೊಡುತ್ತಿದ್ದ ಆಟದ ದುಡ್ಡು, ಅಂದರೆ ಕ್ರೆಡಿಟ್, ಕಮ್ಮಿ ಮಾಡಿದ್ದರು. ಅದೇ ಆಟದಲ್ಲಿ ಮೆಕ್‌ಲಾರೆನ್ ಎಫ್1 ಕಾರಿಗೆ 1 ಕೋಟಿ 85 ಲಕ್ಷ ಕ್ರೆಡಿಟ್. 20 ಲಕ್ಷ ಕ್ರೆಡಿಟ್ ನಿಜವಾದ ದುಡ್ಡಿಗೆ ತಗೊಳ್ಳೋದಾದರೆ ಅಮೆರಿಕದಲ್ಲಿ 20 ಡಾಲರ್. ಲೆಕ್ಕ ನೀವೇ ಹಾಕಿಕೊಳ್ಳಿ. ಜನ ಉಗಿದರು, ಯಾಮಾಉಚಿ ಅವರೇ ಕ್ಷಮೆ ಕೇಳಿದರು, ಎಲ್ಲರಿಗೂ 10 ಲಕ್ಷ ಕ್ರೆಡಿಟ್ ಕೊಟ್ಟರು, ಬಹುಮಾನವನ್ನೂ ಏರಿಸಿದರು. ಆದರೆ ಇಂಟರ್ನೆಟ್ ಬೇಕು ಅನ್ನೋದು ಹಾಗೇ ಉಳಿಯಿತು. ಮಳೆಗಾಲದಲ್ಲಿ ಕೇಬಲ್ ಮೇಲೆ ಮರದ ಕೊಂಬೆ ಬಿದ್ದು ನಮ್ಮ ಬೀದಿಗೆ ನೆಟ್ ಇಲ್ಲದ ದಿನ, ಐವತ್ತು ಸಾವಿರದ ಕನ್ಸೋಲ್ ಇಟ್ಟುಕೊಂಡು ನಾನು ನನ್ನದೇ ಫಿಟ್ ಕಾರನ್ನು ಹೊರಗೆ ತೆಗೆಯುವಂತಿಲ್ಲ. ಯುಪಿಎಸ್ ಇದೆ, ಟಿವಿ ಇದೆ, ಡಿಸ್ಕ್ ಇದೆ. ಕಾರಿಲ್ಲ.

ಇದು ಸಣ್ಣ ಕಿರಿಕಿರಿ ಅನ್ನುವವರು ದ ಕ್ರೂ ಗೇಮ್‌ನ ಕತೆ ಕೇಳಬೇಕು. ಯೂಬಿಸಾಫ್ಟ್‌ನವರ 2014ರ ಗೇಮ್. ಇಡೀ ಅಮೆರಿಕವನ್ನು ಸಣ್ಣದು ಮಾಡಿ, ಒಂದು ಕರಾವಳಿಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬಹುದಾಗಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ದುಡ್ಡು ಕೊಟ್ಟು ತಗೊಂಡವರ ಕೈಯಲ್ಲಿ ಡಿಸ್ಕ್ ಇದೆ, ಆಟ ಇಲ್ಲ. ಇದರ ವಿರುದ್ಧ ರಾಸ್ ಸ್ಕಾಟ್ ಅನ್ನುವವರು ಶುರು ಮಾಡಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿಗೆ 2025ರ ಹೊತ್ತಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಅದೇ ವರ್ಷ ಕ್ರೂ 2ಕ್ಕೆ ನೆಟ್ ಇಲ್ಲದೆ ಆಡುವ ವ್ಯವಸ್ಥೆ ಬಂತು. ಗಲಾಟೆ ಮಾಡಿದ್ದಕ್ಕೇ ಬಂತು ಅನ್ನೋದು ನನ್ನ ಲೆಕ್ಕ.

ಡ್ರೈವ್‌ಕ್ಲಬ್ ಅನ್ನೋ ಗೇಮ್ ಹೋದದ್ದು ನನಗೆ ಇನ್ನೂ ಜಾಸ್ತಿ ಬೇಜಾರು. ಪಿಎಸ್4ಗೆ 2014ರಲ್ಲಿ ಬಂದದ್ದು. ಅದರಲ್ಲಿನ ಮಳೆ ಇವತ್ತಿನ ಗೇಮ್‌ಗಳ ಪಕ್ಕ ಇಟ್ಟರೂ ತಲೆ ತಗ್ಗಿಸಬೇಕಿಲ್ಲ. ನಮ್ಮ ದೇಶದ ರಸ್ತೆಗಳೂ ಅದರಲ್ಲಿದ್ದವು. ರೇಸಿಂಗ್ ಗೇಮ್ ಅಂದರೆ ಯುರೋಪ್, ಅಮೆರಿಕ, ಜಪಾನ್ ಅಷ್ಟೇ ಅಂದುಕೊಂಡಿದ್ದ ನಮಗೆ ಅದೇ ದೊಡ್ಡ ಸಂಭ್ರಮ. ಅದನ್ನು ಮಾಡಿದ ಎವಲ್ಯೂಷನ್ ಸ್ಟುಡಿಯೋಸ್ 2016ರಲ್ಲೇ ಮುಚ್ಚಿತು, 2020ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ಅಂಗಡಿಯಿಂದ ಅದಕ್ಕೂ ಮೊದಲೇ ತೆಗೆದಿದ್ದರು. ಅಂಗಡಿ ಅಂದರೆ ಆನ್‌ಲೈನ್ ಅಂಗಡಿ. ಡಿಸ್ಕ್ ಇದ್ದವರು ಒಬ್ಬರೇ ಆಡುವ ಭಾಗವನ್ನು ಈಗಲೂ ಆಡಬಹುದು. ನನ್ನ ಹತ್ತಿರ ಡಿಸ್ಕ್ ಇದೆ, ಕೇಳಿದರೆ ಕೊಡುವುದಿಲ್ಲ.

ಡಿಸ್ಕ್ ಅಂದಾಗ ನೆನಪಾಯಿತು. ಪಿಎಸ್5 ಇಲ್ಲಿಗೆ 2021ರ ಫೆಬ್ರುವರಿ 2ಕ್ಕೆ ಬಂದಾಗ ಡಿಸ್ಕ್ ಹಾಕುವ ಜಾಗ ಇರುವುದು 49,990 ರೂಪಾಯಿ, ಇಲ್ಲದ್ದು 39,990. ಹತ್ತು ಸಾವಿರ ಉಳಿಯುತ್ತಲ್ಲ ಅಂತ ಡಿಸ್ಕ್ ಇಲ್ಲದ್ದು ತಗೊಳ್ಳೋಕೆ ಹೊರಟ ಗೆಳೆಯನನ್ನು ತಡೆದು ನಿಲ್ಲಿಸಿದ ಪುಣ್ಯ ನನ್ನದು. ಹೊಸ ಗೇಮ್ ಒಂದಕ್ಕೆ ಐದು ಸಾವಿರದ ಹತ್ತಿರ. ಮೈಸೂರಿನಲ್ಲಿ ನಮ್ಮಂಥವರು ಆಡೋದು ಹೇಗೆ ಅಂದರೆ ಒಬ್ಬ ತಗೊಳ್ಳುತ್ತಾನೆ, ಮುಗಿಸಿ ಇನ್ನೊಬ್ಬನಿಗೆ ಕೊಡುತ್ತಾನೆ, ಕೊನೆಗೆ ಅರ್ಧ ಬೆಲೆಗೆ ಮಾರಿ ಮುಂದಿನದಕ್ಕೆ ಸೇರಿಸುತ್ತಾನೆ. ಡಿಸ್ಕ್ ಹೋದರೆ ಈ ವ್ಯವಹಾರವೇ ಹೋಯಿತು.

ಹಾಗಾದರೆ ಒಂದೇ ಕಾರನ್ನು ಹಿಡಿದು ಕೂರುವವರು ಯಾರೂ ಉಳಿದಿಲ್ವಾ? ಇದ್ದಾರೆ. ಅಸೆಟ್ಟೊ ಕೋರ್ಸಾ ಅಂತ ಇಟಲಿಯವರ 2014ರ ಗೇಮ್ ಇದೆ. ಅದರ ಮೆನು ನೋಡಿದರೆ ಬ್ಯಾಂಕಿನ ಫಾರ್ಮ್ ಥರ ಬೋರು. ಆದರೂ ಇಷ್ಟು ವರ್ಷ ಆದ ಮೇಲೂ ಜನ ಬಿಟ್ಟಿಲ್ಲ, ತಾವೇ ಕಾರು, ಟ್ರ್ಯಾಕ್ ಮಾಡಿ ಸೇರಿಸುತ್ತಲೇ ಇದ್ದಾರೆ. ಸ್ಟೀರಿಂಗ್ ವೀಲ್, ಪೆಡಲ್ ಎಲ್ಲ ಕೊಂಡು ಮೇಜಿಗೆ ಬಿಗಿದು ಆಡುವವರು ಇಲ್ಲೇ ಜಾಸ್ತಿ. ವೀಲ್ ಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ ಬೇಡ ಅಂತಲೇ. ಮೊದಲು ಕಂಟ್ರೋಲರ್‌ನಲ್ಲೇ ಒಂದು ಕಾರು ಕಲಿಯಿರಿ.

ಇನ್ನೊಬ್ಬ ಇದ್ದಾನೆ, ಮಂಡ್ಯದ ನನ್ನ ಅಕ್ಕನ ಮಗ. ಅವನ ಕನ್ಸೋಲ್ ಅಂದರೆ ಅವರಪ್ಪನ ಹಳೇ ಫೋನ್. ಅದರಲ್ಲಿ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ. ಅಲ್ಲಿನ ಮಾಲಿಯೊ ಅನ್ನುವ ಕಂಪನಿ 2017ರಲ್ಲಿ ಬಿಟ್ಟದ್ದು. ಬಸ್ಸಿಗೆ ನಮ್ಮಿಷ್ಟದ ಬಣ್ಣ ಹಚ್ಚಬಹುದು, ಹಾಗಾಗಿ ಯಾರೋ ಪುಣ್ಯಾತ್ಮರು ಕೆಎಸ್‌ಆರ್‌ಟಿಸಿ ಬಸ್ಸಿನ ಬಣ್ಣ ಮಾಡಿ ಹಂಚಿದ್ದಾರೆ. ಇವನು ಕೆಂಪು ಬಸ್ ಬಿಟ್ಟು ಬೇರೆ ಮುಟ್ಟುವುದಿಲ್ಲ. "ಬೇರೆ ಬಸ್ ತಗೊಳ್ಳೋ" ಅಂದರೆ, "ಬೇಡ ಮಾವ, ಇದು ಎಷ್ಟು ದೂರಕ್ಕೆ ನಿಲ್ಲುತ್ತೆ ಅಂತ ನಂಗೆ ಗೊತ್ತು" ಅನ್ನುತ್ತಾನೆ. ಸ್ಟಾಪ್ ಬಂದಾಗ ಹಿಂದಿನ ಬಾಗಿಲು ಸರಿಯಾಗಿ ಜನರ ಎದುರಿಗೆ ಬರುವ ಹಾಗೆ ನಿಲ್ಲಿಸುತ್ತಾನೆ. ಸ್ವಲ್ಪ ಮುಂದೆ ಹೋದರೆ ರಿವರ್ಸ್ ತಗೊಂಡು ಸರಿ ಮಾಡುತ್ತಾನೆ. ಫೋರ್ಜಾದಲ್ಲಿ ಮುನ್ನೂರು ಕಾರು ಇಟ್ಟುಕೊಂಡಿರುವ ನನ್ನ ಆಫೀಸಿನ ಹುಡುಗರಿಗಿಂತ ಇವನಿಗೆ ಬ್ರೇಕ್ ಬಗ್ಗೆ ಜಾಸ್ತಿ ಗೊತ್ತು ಅಂತ ಬರೆದುಕೊಡುತ್ತೇನೆ.

ಇಷ್ಟೆಲ್ಲ ಬೈದ ಮೇಲೆ ಒಂದು ಒಳ್ಳೇ ಮಾತು ಬಾಕಿ ಇದೆ. ಒಂದೇ ಟಿವಿಯನ್ನು ಭಾಗ ಮಾಡಿ ಅಕ್ಕಪಕ್ಕ ಕೂತು ಆಡುವುದು ಸತ್ತೇ ಹೋಯಿತು ಅಂದುಕೊಂಡಿದ್ದೆ. 2023ರ ಫೋರ್ಜಾ ಮೋಟರ್‌ಸ್ಪೋರ್ಟ್ ಅದನ್ನು ಕೈಬಿಟ್ಟೇ ಬಂತು. ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಗ್ರಾನ್ ಟುರಿಸ್ಮೊ 7ರ ಒಂದು ದೊಡ್ಡ ಅಪ್‌ಡೇಟ್, ಪಿಎಸ್5ನಲ್ಲಿ ನಾಲ್ಕು ಜನ ಒಟ್ಟಿಗೆ ಆಡುವ ಹಾಗೆ ಮಾಡಿತು. ಟಿವಿಯ ಕಾಲುಭಾಗದಲ್ಲಿ ರಸ್ತೆ ಸಣ್ಣಗೆ ಕಾಣುತ್ತದೆ ನಿಜ, ಯಾರ ಕಾರು ಯಾವುದು ಅಂತ ಗೊತ್ತಾಗದೆ ಜಗಳವೂ ಆಗುತ್ತದೆ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಗೆಳೆಯರು ಬರುತ್ತಾರೆ. ಕಂಟ್ರೋಲರ್ ಒಂದಕ್ಕೆ ಆರು ಸಾವಿರದ ಹತ್ತಿರ ಆದ್ದರಿಂದ ಅವರವರದ್ದು ಅವರವರೇ ತರಬೇಕು. ನಾಲ್ಕು ಜನರಿಗೂ ಹೋಂಡಾ ಫಿಟ್, ಒಂದು ನಟ್ಟೂ ಬದಲಾಯಿಸುವಂತಿಲ್ಲ. ಮೂರನೇ ರೇಸ್ ಮುಗಿಯುವ ಹೊತ್ತಿಗೆ ಯಾರಾದರೂ ಒಬ್ಬ, "ಲೋ ಮಗಾ, ಸಾಕು ಈ ಡಬ್ಬ, ಒಂದು ಫೆರಾರಿನಾದ್ರೂ ಹಾಕೋ" ಅಂತ ಗೋಗರೆಯುತ್ತಾನೆ. ನಾನು ಹಾಕುವುದಿಲ್ಲ. ಫೆರಾರಿ ಬೇಕಾದವರು ಅವರ ಮನೆಯಲ್ಲಿ ಆಡಿಕೊಳ್ಳಲಿ.